ನಡೆಯುವವಳ ಹಿಮ್ಮಡಿ

ಹೋಟೆಲುಗಳ ಬಟ್ಟೆ ಒಗೆದುಕೊಡುವ ಆ ಲಾಂಡ್ರಿಯಲ್ಲಿ ದೊಡ್ಡ ಚಾದರ ಮಡಿಸಲು ಇಬ್ಬರು ಬೇಕು. ಒಬ್ಬಳು ನಿಲ್ಲುತ್ತಾಳೆ, ಇನ್ನೊಬ್ಬಳು ನಡೆಯುತ್ತಾಳೆ. ಇಸ್ತ್ರಿಯ ರೋಲರಿನ ಬಾಯಿಂದ ಚಾದರ ಬಿಸಿಬಿಸಿಯಾಗಿ ಹೊರಬರುತ್ತಿದ್ದಂತೆ ಇಬ್ಬರೂ ಎರಡೆರಡು ಮೂಲೆ ಹಿಡಿದು ದೂರ ಸರಿಯುತ್ತಾರೆ. ಒಮ್ಮೆ ಕೊಡವಿ ಬಿಗಿಯಾಗಿ ಎಳೆಯುತ್ತಾರೆ. ನಡೆಯುವವಳು ಮುಂದೆ ಬಂದು ತನ್ನ ಮೂಲೆಗಳನ್ನು ನಿಂತವಳ ಕೈಗೆ ಕೊಟ್ಟು, ಬಾಗಿ, ಕೆಳಗೆ ಇಳಿಬಿದ್ದ ಮಡಿಕೆಯನ್ನು ಹಿಡಿದು ಮತ್ತೆ ಹಿಂದಕ್ಕೆ ಹೋಗುತ್ತಾಳೆ. ಮತ್ತೆ ಬರುತ್ತಾಳೆ. ನಿಂತವಳು ಅದನ್ನು ಅಂಗೈಯಿಂದ ಸವರಿ ಮೇಜಿನ ಮೇಲೆ ಇಡುವಷ್ಟರಲ್ಲಿ ರೋಲರು ಮುಂದಿನ ಚಾದರವನ್ನು ನಾಲಿಗೆಯ ಹಾಗೆ ಹೊರಚಾಚಿರುತ್ತದೆ.

ಕಿಟಕಿಯ ಪಕ್ಕದ ಮೇಜಿನಲ್ಲಿ ನಿಲ್ಲುವವಳು ಹಿರಿಸೊಸೆ, ನಡೆಯುವವಳು ಕಿರಿಸೊಸೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದವರು. ಅವರ ಅತ್ತೆ ಇದೇ ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸುವ ಕೆಲಸದಲ್ಲಿದ್ದಳು. ಒಬ್ಬೊಬ್ಬರನ್ನೇ ಕರೆತಂದು "ಇವಳು ನನ್ನ ಹಿರಿಸೊಸೆ", "ಇವಳು ಕಿರಿಸೊಸೆ" ಎಂದು ಪರಿಚಯ ಮಾಡಿಸಿದ್ದಳು. ಅತ್ತೆ ಕೆಲಸ ಬಿಟ್ಟಳು, ಕೆಲವು ವರ್ಷಗಳ ಮೇಲೆ ತೀರಿಯೂ ಹೋದಳು. ಹೆಸರು ಮಾತ್ರ ಹಾಗೇ ಅಂಟಿಕೊಂಡಿತು. ಸಂಬಳದ ದಿನ ಗುಮಾಸ್ತ ಅವರ ನಿಜವಾದ ಹೆಸರು ಕೂಗಿದರೆ ಇಬ್ಬರೂ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಒಂದು ಗಳಿಗೆ ಸುಮ್ಮನಿರುತ್ತಿದ್ದರು.

ಮನೆಯಲ್ಲಿ ಇಬ್ಬರಿಗೂ ಅಷ್ಟಕ್ಕಷ್ಟೆ. ಹಿರಿಯವಳ ಸಂಸಾರ ಕೆಳಗೆ, ಕಿರಿಯವಳದು ಮೇಲೆ, ನಡುವೆ ಕಡಿದಾದ ಒಂದು ಮೆಟ್ಟಿಲು. ಮೆಟ್ಟಿಲು ಯಾರು ಗುಡಿಸಬೇಕು, ನೀರಿನ ಪಂಪು ಯಾರು ನಿಲ್ಲಿಸಬೇಕು, ಯಾರ ಮಗುವಿನ ಸೈಕಲ್ಲು ಬಾಗಿಲಿಗೆ ಅಡ್ಡ ನಿಂತಿದೆ ಎಂದು ಮಾತಿಗೆ ಮಾತು ಬೆಳೆದು, ವಾರಗಟ್ಟಲೆ ಮುಖ ಊದಿಸಿಕೊಂಡದ್ದೂ ಉಂಟು. ಆದರೆ ಲಾಂಡ್ರಿಯಲ್ಲಿ ಯಂತ್ರಗಳ ಗದ್ದಲದಲ್ಲಿ ಮಾತು ಕೇಳುವುದೇ ಇಲ್ಲ. ಅಲ್ಲಿ ಅವರಿಬ್ಬರ ನಡುವೆ ಇದ್ದದ್ದು ಚಾದರವೊಂದೇ. ಒಂದು ತುದಿ ಸಡಿಲವಾದರೆ ಹಿರಿಯವಳಿಗೆ ಮೈ ಸರಿಯಿಲ್ಲವೆಂದು ಅರ್ಥ. ಇನ್ನೊಂದು ತುದಿ ಜಗ್ಗಿದರೆ ಕಿರಿಯವಳಿಗೆ ಸಿಟ್ಟು ಬಂದಿದೆ ಎಂದು ಅರ್ಥ. ಮನೆಯಲ್ಲಿ ಮಾತು ಬಿಟ್ಟ ವಾರಗಳಲ್ಲೂ ಮೇಜಿನಲ್ಲಿ ಅವರ ಮೂಲೆಗೆ ಮೂಲೆ ತಪ್ಪಿದ್ದಿಲ್ಲ. ಊದಿದ ಮುಖಗಳು ಅಲ್ಲೇ ನಿಧಾನವಾಗಿ ಇಳಿಯುತ್ತಿದ್ದವು. ಸಂಜೆ ಬಸ್ಸಿನಲ್ಲಿ ಯಾರಾದರೊಬ್ಬರು "ಜರುಗು" ಎಂದರೆ ರಾಜಿ ಆಯಿತೆಂದೇ ಲೆಕ್ಕ. ಆ ಮೇಜು ಇಲ್ಲದಿದ್ದರೆ ಆ ಮನೆಯಲ್ಲಿ ತಾನು ಬಾಳುವೆ ಮಾಡುತ್ತಿರಲಿಲ್ಲ ಎಂಬುದು ಕಿರಿಸೊಸೆಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಹಿಮ್ಮಡಿ ನೋವು ಶುರುವಾದದ್ದು ಯಾವಾಗ ಎಂದು ಅವಳಿಗೆ ನೆನಪಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಎಡಗಾಲು ನೆಲಕ್ಕೆ ಊರಿದರೆ ಮೊಳೆಯ ಮೇಲೆ ಊರಿದ ಹಾಗಾಗುತ್ತಿತ್ತು. ಗೋಡೆ ಹಿಡಿದು ಅತ್ತಿಂದಿತ್ತ ನಾಲ್ಕು ಹೆಜ್ಜೆ ಹಾಕಿದರೆ ನೋವು ಹಿಂದೆ ಸರಿಯುತ್ತಿತ್ತು. ಮಧ್ಯಾಹ್ನದ ನಂತರ, ಸಿಮೆಂಟು ನೆಲ ಕಾಲಿನೊಳಗೆ ಹೊಕ್ಕಂತಾಗುವ ಹೊತ್ತಿಗೆ, ಮತ್ತೆ ಬರುತ್ತಿತ್ತು. ಡಾಕ್ಟರು ಒತ್ತಿ ನೋಡಿ, ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಡಿ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅದು ಹಿಮ್ಮಡಿಯ ಮೂಳೆಗೆ ಅಂಟುವ ಕಡೆ ಸವೆದು ನೊಂದಿದೆ ಎಂದರು. ಪ್ಲಾಂಟರ್ ಫೇಶಿಯೈಟಿಸ್ ಎಂದು ಹೆಸರನ್ನೂ ಹೇಳಿದರು. ಅವಳು ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ ಮಾಡಿದಳು, ತಣ್ಣೀರಿನ ಬಾಟಲಿಯನ್ನು ಪಾದದಡಿ ಉರುಳಿಸಿದಳು, ಚಪ್ಪಲಿಯೊಳಗೆ ಮೆತ್ತನೆಯ ತಳ ಹಾಕಿಸಿದಳು. ಕೊನೆಗೆ ಒಂದು ಸೂಜಿಮದ್ದೂ ಆಯಿತು. ಅದು ಕೆಲವು ಕಾಲ ನೋವನ್ನು ಮಲಗಿಸಿತು, ಆಮೇಲೆ ನೋವು ನಿದ್ದೆ ಮುಗಿಸಿ ಎದ್ದು ಕೂತಿತು.

ಲಾಂಡ್ರಿಯಲ್ಲಿ ಈ ವಿಷಯ ಬಾಯಿಬಿಟ್ಟಿರಲಿಲ್ಲ. ಅಲ್ಲಿ ನೋವು ಎಂದು ಹೇಳುವುದೇ ಇಲ್ಲ. ಒಬ್ಬಳು ಕೆಲಸ ನಿಲ್ಲಿಸಿದರೆ ರೋಲರು ನಿಲ್ಲಬೇಕು, ರೋಲರು ನಿಂತರೆ ಹಿಂದೆ ಒಗೆಯುವವರು, ಮುಂದೆ ಕಟ್ಟು ಕಟ್ಟುವವರು ಎಲ್ಲರೂ ಕೈಕಟ್ಟಿ ನಿಂತು ಅವಳ ಮುಖ ನೋಡಬೇಕು. ಹೀಗಾಗಿ ಬಿಸಿ ತಗುಲಿ ಕೈ ಸುಟ್ಟರೂ "ಪರವಾಗಿಲ್ಲ" ಎನ್ನುವುದು ಅಲ್ಲಿನವರ ನಾಲಿಗೆಗೆ ಕೂತುಬಿಟ್ಟಿತ್ತು.

ಆದರೆ ಚಾದರದ ಬಾಯಿ ಕಟ್ಟುವವರು ಯಾರು? ಒಂದು ದಿನ ಊಟದ ಬಿಡುವಿನಲ್ಲಿ ಹಿರಿಸೊಸೆ ಕೇಳಿಯೇಬಿಟ್ಟಳು.

"ನಿನ್ನ ಕಡೆ ಚಾದರ ಯಾಕೆ ಕುಂಟುತ್ತೆ?"

"ಚಾದರ ಎಲ್ಲಾದ್ರೂ ಕುಂಟುತ್ತಾ ಅಕ್ಕ?"

"ನನ್ನ ಕೈಗೆ ಬರೋದು ಕುಂಟ್ಕೊಂಡೇ ಬರ್ತಿದೆ. ಎಡಗಾಲಿಗೆ ಏನಾಗಿದೆ?"

"ಏನಿಲ್ಲ, ಪರವಾಗಿಲ್ಲ."

"ಸರಿ, ಹೇಳ್ಬೇಡ. ನಾನೇನು ಡಾಕ್ಟ್ರಾ?" ಎಂದು ಹಿರಿಸೊಸೆ ಡಬ್ಬಿ ಮುಚ್ಚಿ ಎದ್ದುಹೋದಳು.

ಮೇಲ್ವಿಚಾರಕನಿಗೂ ಸುಳಿವು ಹತ್ತಲು ಹೆಚ್ಚು ದಿನ ಬೇಕಾಗಲಿಲ್ಲ. ಒಳ್ಳೆಯ ಮನುಷ್ಯ, ಕಿವಿ ಮಂದ. ಯಂತ್ರಗಳ ನಡುವೆಯೇ ಕೂದಲು ಬೆಳ್ಳಗಾದವನು. ಕಿರಿಸೊಸೆಯನ್ನು ತನ್ನ ಗಾಜಿನ ಕೋಣೆಗೆ ಕರೆದು, ಹರಿದ ಬಟ್ಟೆ ಹೊಲಿಯುವ ಅಜ್ಜಿ ಬರುವ ತಿಂಗಳ ಕೊನೆಗೆ ಕೆಲಸ ಬಿಡುತ್ತಾಳೆ ಎಂದು ಹೇಳಿದ.

"ಆ ಜಾಗ ನಿನಗೇ ಕೊಡ್ತೀನಿ. ಕುರ್ಚಿ ಇದೆ, ಫ್ಯಾನ್ ಇದೆ, ಗಲಾಟೆ ಇಲ್ಲ. ಸಂಬಳ ಈಗಿನಷ್ಟೇ. ನಿನ್ನ ಕಾಲು ನೋಡ್ತಾ ಇದ್ರೆ ನನ್ನ ಕಾಲು ನೋಯುತ್ತಮ್ಮ."

"ಮತ್ತೆ ಅಕ್ಕನ ಜೊತೆ?"

"ಹೊಸಬಳೊಬ್ಬಳನ್ನ ಹಾಕೋಣ. ಅಷ್ಟರಲ್ಲಿ ಕಾಲು ಸರಿಹೋದ್ರೆ ಹೇಳು, ಇಲ್ಲೇ ಇರು. ಬಲವಂತ ಏನಿಲ್ಲ."

ಹೊರಗೆ ಬಂದಾಗ ಕಟ್ಟು ಕಟ್ಟುವ ಹೆಂಗಸರು, "ನಿನ್ನ ಹಣೆಬರಹ ನೋಡೇ! ನಮ್ಮ ಹಿಮ್ಮಡಿಗೂ ಒಂದು ರೋಗ ಬರಬಾರದಾ?" ಎಂದು ನಕ್ಕರು. ಅವಳೂ ನಕ್ಕಳು. ನಗುತ್ತಲೇ ಅಂಗಳದ ಕಡೆ ತಿರುಗಿ ನೋಡಿದಳು. ಹೊಲಿಗೆಯ ಕೋಣೆ ಅಂಗಳದ ಆಚೆ ಇತ್ತು. ಅಲ್ಲಿ ಕೂತರೆ ಊಟದ ಬಿಡುವೂ ಬೇರೆ, ಬಸ್ಸೂ ಬೇರೆ. ಉಳಿಯುವುದು ಮೆಟ್ಟಿಲು, ಪಂಪು ಮತ್ತು ಸೈಕಲ್ಲು.

ಡಾಕ್ಟರು ಈ ಸಲ ಶಾಕ್ ವೇವ್ ಚಿಕಿತ್ಸೆ ಮಾಡಿಸಿಕೊಳ್ಳಲು ಹೇಳಿ, ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ಕಳಿಸಿದರು. ಹೆಸರು ಕೇಳಿ ಕರೆಂಟು ಕೊಡುತ್ತಾರೆಂದೇ ಅವಳು ತಿಳಿದಳು. ಗಂಡನ ಹತ್ತಿರ ಹೇಳಿದಾಗ, ಲಿಫ್ಟ್ ರಿಪೇರಿ ಮಾಡುವ ಅವನು ಸ್ಕ್ರೂಡ್ರೈವರಿನಿಂದ ಕಿವಿ ತುರಿಸಿಕೊಳ್ಳುತ್ತಾ, "ನಿನಗೆ ಶಾಕ್ ಕೊಟ್ರೆ ಅವರ ಫ್ಯೂಸೇ ಹೋಗುತ್ತೆ, ನೀನ್ಯಾಕೆ ಹೆದರ್ತೀಯ?" ಎಂದ. ಆಮೇಲೆ ಅವಳ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, "ಊರಿಗೆಲ್ಲ ಲಿಫ್ಟ್ ಓಡಿಸ್ತೀನಿ, ನಮ್ಮನೆಗೆ ಮಾತ್ರ ಮೆಟ್ಟಿಲೇ ಗತಿ" ಎಂದು ತಾನೇ ಬೇಜಾರು ಮಾಡಿಕೊಂಡ.

ಕರೆಂಟೇನೂ ಇರಲಿಲ್ಲ. ಫಿಸಿಯೋ ಹುಡುಗಿ ಅವಳನ್ನು ಬೋರಲು ಮಲಗಿಸಿ, ಹಿಮ್ಮಡಿಗೆ ತಣ್ಣನೆಯ ಜೆಲ್ ಸವರಿ, ದಪ್ಪ ಪಿಚಕಾರಿಯಂಥ ಒಂದು ಉಪಕರಣದ ತುದಿಯನ್ನು ಒತ್ತಿ ಹಿಡಿದಳು.

"ಇದು ಬರೀ ತಟ್ಟುತ್ತೆ ಆಂಟಿ. ನೋವು ಹಳೇದಾದ್ರೆ ದೇಹ ಅದನ್ನ ರಿಪೇರಿ ಮಾಡೋದು ಮರೆತುಬಿಡುತ್ತೆ. ಈ ಅಲೆ ಒಳಗೆ ಹೋಗಿ, ಇಲ್ಲಿ ಕೆಲಸ ಬಾಕಿ ಇದೆ ಅಂತ ನೆನಪು ಮಾಡುತ್ತೆ. ಆದ್ರೆ ಸರಿಯಾದ ಜಾಗಕ್ಕೇ ಬೀಳ್ಬೇಕು. ತುಂಬಾ ನೋಯೋ ಜಾಗ ಎಲ್ಲಿ ಅಂತ ನೀವೇ ಹೇಳ್ಬೇಕು. ಮರಗಟ್ಟೋ ಔಷಧಿ ಕೊಡಲ್ಲ. ಕೊಟ್ರೆ ನಿಮಗೂ ತಿಳಿಯಲ್ಲ, ನನಗೂ ತಿಳಿಯಲ್ಲ."

ಯಂತ್ರ ಟಕಟಕನೆ ಬಡಿಯತೊಡಗಿತು. ಮೂಳೆಯ ಮೇಲೆ ಯಾರೋ ಪುಟ್ಟ ಸುತ್ತಿಗೆಯಿಂದ ಬಿಡುವಿಲ್ಲದೆ ಕುಟ್ಟಿದ ಹಾಗೆ. ಕಿರಿಸೊಸೆ ಹಲ್ಲು ಕಚ್ಚಿಕೊಂಡಳು.

"ಇಲ್ಲಿ ನೋಯುತ್ತಾ?"

"ಪರವಾಗಿಲ್ಲ."

"ಇಲ್ಲಿ?"

"ಪರವಾಗಿಲ್ಲಮ್ಮ, ನೀನು ಮಾಡು."

ಕೆಲವು ನಿಮಿಷಗಳಲ್ಲಿ ಮುಗಿಯಿತು. ವಾರಕ್ಕೊಮ್ಮೆ ಬರಬೇಕು, ನಡುವೆ ನೋವಿನ ಮಾತ್ರೆ ನುಂಗಬಾರದು, ಎರಡು ದಿನ ಕಾಲಿಗೆ ಹೆಚ್ಚು ಕೆಲಸ ಕೊಡಬಾರದು, ಗುಣ ಕಾಣಲು ವಾರಗಳೇ ಹಿಡಿಯುತ್ತವೆ, ಎಲ್ಲರಿಗೂ ಕಂಡೇ ಕಾಣುತ್ತದೆ ಎನ್ನಲಾಗುವುದಿಲ್ಲ ಎಂದು ಹುಡುಗಿ ಒಂದೂ ಮುಚ್ಚಿಡದೆ ಹೇಳಿದಳು. ಕಿರಿಸೊಸೆ ಎಲ್ಲದಕ್ಕೂ ತಲೆಯಾಡಿಸಿ, ಮರುದಿನ ಎಂದಿನಂತೆ ಚಾದರ ಹಿಡಿದು ನಡೆದಳು.

ಎರಡನೆಯ ಸಲವೂ ಹಾಗೇ ಆಯಿತು. ಹುಡುಗಿ ಯಂತ್ರ ನಿಲ್ಲಿಸಿ, ಸ್ಟೂಲ್ ಎಳೆದು ಅವಳ ಮುಖದ ಹತ್ತಿರ ಕೂತಳು.

"ಆಂಟಿ, ಕಲ್ಲಿಗೆ ಬಡಿದ್ರೂ ಇದಕ್ಕಿಂತ ಹೆಚ್ಚು ಹೇಳುತ್ತೆ. ನೀವು ಹೀಗೆ ಸುಮ್ಮನಿದ್ರೆ ನಾನು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಎಲ್ಲಿ ಬೀಳ್ತಿದೆಯೋ ಏನೋ. ಮುಂದಿನ ಸಲ ಮನೆಯವರನ್ನ ಯಾರನ್ನಾದ್ರೂ ಕರ್ಕೊಂಡು ಬನ್ನಿ. ನಿಮ್ಮ ಮುಖ ನೋಡಿ ಗೊತ್ತು ಮಾಡ್ಕೊಳ್ಳೋರು ಬೇಕು."

ಗಂಡ ಬರಲೊಪ್ಪಿದ. ಆದರೆ ಆ ದಿನ ಬೆಳಿಗ್ಗೆ ಯಾವುದೋ ಕಟ್ಟಡದ ಲಿಫ್ಟು ಜನರನ್ನು ತುಂಬಿಕೊಂಡು ನಡುವೆ ನಿಂತುಹೋಗಿ, ಫೋನು ಬಂದದ್ದೇ ಅವನು ಓಡಿದ. ಕಿರಿಸೊಸೆ ಒಬ್ಬಳೇ, ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಕೆಳಗೆ ಹಿರಿಸೊಸೆ ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆ ವಾರ ಪಂಪಿನ ಜಗಳ ನಡೆದಿತ್ತು.

"ಏಡಿ ಹಾಗೆ ಇಳೀತಿದ್ದೀಯಲ್ಲ, ಎಲ್ಲಿಗೆ?"

"ಆಸ್ಪತ್ರೆಗೆ."

"ಒಬ್ಬಳೇನಾ?"

"ಇನ್ಯಾರಿದ್ದಾರೆ?"

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಹಿರಿಸೊಸೆ ಒಳಗೆ ಹೋದಳು. ಕಿರಿಸೊಸೆ ಗೇಟು ದಾಟುವಷ್ಟರಲ್ಲಿ, ಸರಿಯಾಗಿ ಒಣಗದ ಕೂದಲನ್ನು ಗಂಟು ಹಾಕಿಕೊಂಡು, ಟವೆಲ್ಲನ್ನು ಭುಜದ ಮೇಲೇ ಮರೆತು, ಹಿಂದೆಯೇ ಬಂದಳು.

ಫಿಸಿಯೋ ಹುಡುಗಿ ಹಿರಿಸೊಸೆಯನ್ನು ಮಂಚದ ತಲೆಯ ಕಡೆ ನಿಲ್ಲಿಸಿ, "ಇವರ ಮುಖ ನೋಡ್ತಾ ಇರಿ" ಎಂದಳು.

"ಮುಖದಲ್ಲಿ ಏನೂ ಸಿಗಲ್ಲಮ್ಮ. ಅತ್ತೆ ಸತ್ತಾಗಲೂ ಇವಳ ಮುಖ ಹೀಗೇ ಇತ್ತು." ಹಿರಿಸೊಸೆ ಸುತ್ತ ನೋಡಿ, ಭುಜದ ಟವೆಲ್ಲನ್ನು ಎಳೆದು, ಅದರ ಎರಡು ಮೂಲೆಗಳನ್ನು ಬೋರಲು ಮಲಗಿದ್ದವಳ ಕೈಗಳಿಗೆ ತುರುಕಿದಳು. ಉಳಿದೆರಡನ್ನು ತಾನು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದು ಬಿಗಿ ಮಾಡಿದಳು. "ಬಿಡ್ಬೇಡ. ಮೇಜಿನ ಹತ್ತಿರ ಹಿಡೀತೀಯಲ್ಲ, ಹಾಗೇ ಹಿಡ್ಕೋ. ಹ್ಞೂಂ, ನೀನು ಶುರು ಮಾಡಮ್ಮ."

ಯಂತ್ರ ಟಕಟಕಿಸಿತು. ಹಿರಿಸೊಸೆ ಕಣ್ಣು ಅರೆಮುಚ್ಚಿ ನಿಂತಳು.

"ಅಲ್ಲಲ್ಲ. ಸ್ವಲ್ಪ ಒಳಗೆ."

ಹುಡುಗಿ ತುದಿಯನ್ನು ಒಳಬದಿಗೆ ಜರುಗಿಸಿದಳು.

"ಇನ್ನೂ ಮುಂದೆ, ಬೆರಳಿನ ಕಡೆಗೆ. ಹಾಂ… ಹಾಂ! ಅಲ್ಲೇ! ಅಲ್ಲೇ ನಿಲ್ಲು!"

"ಆಂಟಿ, ಇಲ್ಲೇನಾ?" ಎಂದು ಹುಡುಗಿ ಮಲಗಿದವಳನ್ನು ಕೇಳಿದಳು.

"ಪರವಾ…" ಎನ್ನಹೊರಟ ಕಿರಿಸೊಸೆಗೆ ಮಾತು ಮುಂದೆ ಬರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. "ಅಲ್ಲೇ," ಎಂದಳು. "ಅಮ್ಮಾ, ಅಲ್ಲೇ."

"ನೋಡಿದ್ಯಾ! ಇಷ್ಟು ದಿನ ಇದನ್ನ ಗಂಟು ಕಟ್ಟಿ ಇಟ್ಕೊಂಡಿದ್ದಳು, ಒಡವೆ ಥರ," ಎಂದು ಹಿರಿಸೊಸೆ ಗದರಿದಳು. ಟವೆಲ್ಲನ್ನು ಮಾತ್ರ ಸಡಿಲ ಬಿಡಲಿಲ್ಲ.

ಯಂತ್ರ ನಿಂತ ಮೇಲೆ ಹುಡುಗಿ ಜೆಲ್ ಒರೆಸುತ್ತಾ ಅವರ ಕೆಲಸದ ವಿಷಯ ಕೇಳಿದಳು. ಚಾದರ ಮಡಿಸುವ ಬಗೆಯನ್ನು ಇಬ್ಬರೂ ಟವೆಲ್ಲಿನಲ್ಲೇ ಮಾಡಿ ತೋರಿಸಿದರು.

"ಅಂದ್ರೆ ದಿನವಿಡೀ ಬಗ್ಗಿ ಎದ್ದು ನಡೆಯೋರು ನೀವೊಬ್ರೇನಾ? ಅದಲು ಬದಲು ಮಾಡ್ಕೊಳ್ಳಲ್ವಾ?"

"ಇಲ್ಲ," ಎಂದಳು ಕಿರಿಸೊಸೆ, "ಅಕ್ಕ ಬಸುರಿ."

ಹುಡುಗಿ ತಲೆಯೆತ್ತಿ, ಅರ್ಧ ನರೆತ ಕೂದಲಿನ ಹಿರಿಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಹಿರಿಸೊಸೆಯೂ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಂಡಳು. ಆಡಿದವಳಿಗೆ ತಾನೇನು ಹೇಳಿದೆನೆಂದು ಆಮೇಲೆ ತಿಳಿಯಿತು. ತಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಸೊಸೆಗೆ ದಿನ ತುಂಬಿತ್ತು. ಬಾಗಬಾರದೆಂದು ಅತ್ತೆಯೇ ಅವಳನ್ನು ಮೇಜಿನ ಹತ್ತಿರ ನಿಲ್ಲಿಸಿ, ನಡೆಯುವ ಕೆಲಸ ಕಿರಿಯವಳಿಗೆ ಕೊಟ್ಟಿದ್ದಳು. ಹೆರಿಗೆ ಆಯಿತು, ಬಾಣಂತನ ಮುಗಿಯಿತು, ಇಬ್ಬರೂ ತಂತಮ್ಮ ಜಾಗಕ್ಕೆ ಬಂದು ನಿಂತರು. ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ.

"ಆ ಬಸುರಿಗೆ ಹುಟ್ಟಿದ್ದು ಈಗ ಸ್ಕೂಟರ್ ಓಡಿಸ್ತಿದೆ," ಎಂದಳು ಹಿರಿಸೊಸೆ.

ಮೂವರೂ ನಕ್ಕರು. ಪಕ್ಕದ ಪರದೆಯ ಆಚೆ ಸೊಂಟಕ್ಕೆ ಬೆಲ್ಟು ಹಾಕಿಸಿಕೊಳ್ಳುತ್ತಿದ್ದ ಯಾರೋ ಒಬ್ಬರು ನಕ್ಕು "ಅಯ್ಯೋ" ಎಂದು ನರಳಿದರು. ಬಸ್ಸು ಹತ್ತಿದ ಮೇಲೆ ಮಾತ್ರ ಹಿರಿಸೊಸೆ ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತು, ತಮ್ಮ ನಿಲ್ದಾಣ ಬರುವವರೆಗೂ ತೊಡೆಯ ಮೇಲಿನ ಟವೆಲ್ಲನ್ನು ಮಡಿಸುತ್ತ, ಬಿಚ್ಚುತ್ತ ಇದ್ದಳು.

ಆಮೇಲಿನ ವಾರಗಳಲ್ಲೂ ಅವಳು ಟವೆಲ್ಲು ಹಿಡಿದುಕೊಂಡೇ ಬಂದಳು. ಚಿಕಿತ್ಸೆ ಮುಗಿದ ಕೂಡಲೇ ಪವಾಡವೇನೂ ನಡೆಯಲಿಲ್ಲ. ಮೊದಮೊದಲು ಹಿಮ್ಮಡಿ ಮುಟ್ಟಿದರೆ ಸಿಡುಕುವ ಮಗುವಿನ ಹಾಗಿತ್ತು. ಆಮೇಲೆ ಬೆಳಗಿನ ಮೊಳೆಯ ಮೊನೆ ಮೊಂಡಾಗುತ್ತಾ ಬಂತು. ಒಂದು ಮುಂಜಾನೆ ಕಿರಿಸೊಸೆ ಎದ್ದು, ಸ್ನಾನದ ಮನೆಗೆ ಹೋಗಿ, ಹಲ್ಲುಜ್ಜುತ್ತಾ ಕನ್ನಡಿ ನೋಡಿದಾಗ, ಗೋಡೆ ಹಿಡಿಯದೆ ಬಂದಿದ್ದೇನೆ ಎಂದು ಹೊಳೆಯಿತು. ಬಾಯಿ ತುಂಬ ನೊರೆಯಿಟ್ಟುಕೊಂಡೇ ಗಂಡನನ್ನು ಎಬ್ಬಿಸಿ ಹೇಳಿದಳು. ಅವನು ಒಂದು ಕಣ್ಣು ತೆರೆದು, "ಸರಿ, ಇನ್ನು ಒದೆಯೋಕೆ ಶುರು ಮಾಡ್ಬೇಡ" ಎಂದು ಮಗ್ಗುಲು ಬದಲಿಸಿದ.

ಆದರೆ ಮಧ್ಯಾಹ್ನದ ಮೇಲಿನ ನೋವು ಪೂರ್ತಿ ಹೋಗಿರಲಿಲ್ಲ. ಹೊಲಿಯುವ ಅಜ್ಜಿ ಕೆಲಸ ಬಿಡುವ ದಿನ ಹತ್ತಿರ ಬಂತು. ಮೇಲ್ವಿಚಾರಕ ಮೇಜಿನ ಹತ್ತಿರವೇ ಬಂದು, ರೋಲರು ನಿಲ್ಲಿಸುವಂತೆ ಕೈ ಮಾಡಿದ. ಗದ್ದಲ ಕುಗ್ಗಿ, ಎಲ್ಲರೂ ತಿರುಗಿ ನೋಡಿದರು.

"ಏನಮ್ಮ, ಕಾಲು ಹೇಗಿದೆ? ಕುರ್ಚಿ ನಿನಗಾ, ಬೇರೆಯವರಿಗಾ?"

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟರೆ ಈ ಮೇಜು ತನಗೇ ಉಳಿಯುತ್ತದೆ. ಆದರೆ ಮತ್ತೆ ಇಡೀ ದಿನ ಆ ನೆಲದ ಮೇಲೆ ನಡೆದರೆ ಕೆಲವೇ ತಿಂಗಳಲ್ಲಿ ಹಿಮ್ಮಡಿ ಮೊದಲಿನಂತಾಗುತ್ತದೆ, ಆಗ ಕುರ್ಚಿಯೂ ಇಲ್ಲ, ಮೇಜೂ ಇಲ್ಲ. ಅವಳಿಗೆ ಅಷ್ಟು ಜನರ ಮುಂದೆ ಮೈಯ ವಿಷಯ ಆಡಿ ಅಭ್ಯಾಸವಿರಲಿಲ್ಲ.

"ಪೂರ್ತಿ ಸರಿಹೋಗಿಲ್ಲ," ಎಂದಳು.

ಮೇಲ್ವಿಚಾರಕ ಕಿವಿಗೆ ಕೈ ಅಡ್ಡ ಹಿಡಿದ. "ಏನಂದೆ?"

"ನೋಯುತ್ತೆ ಅಂದೆ!" ಅವಳ ದನಿ ಅವಳಿಗೇ ಗಾಬರಿಯಾಗುವಷ್ಟು ಜೋರಾಗಿ ಬಂತು. "ಮಧ್ಯಾಹ್ನದವರೆಗೆ ನಡೀಬಲ್ಲೆ. ಆಮೇಲೆ ನೋಯುತ್ತೆ. ಮಧ್ಯಾಹ್ನದ ಮೇಲೆ ನಾನು ನಿಲ್ತೀನಿ, ಬೇರೆಯವರು ನಡೀಲಿ. ನಿಲ್ಲೋ ಕಡೆ ಕಾಲ ಕೆಳಗೆ ಒಂದು ರಬ್ಬರ್ ಹಾಸು ಬೇಕು. ಆಗಲ್ಲ ಅಂದ್ರೆ ಕುರ್ಚಿನೇ ಕೊಡಿ. ನಾನು ಮಾತ್ರ ಇಲ್ಲೇ ಇರ್ಬೇಕು ಅಂತಿದ್ದೀನಿ."

"ಬೇರೆಯವರು ಅಂದ್ರೆ ಯಾರು ನಡೀತಾರೆ?"

"ಇನ್ಯಾರು, ನಾನು," ಎಂದಳು ಹಿರಿಸೊಸೆ.

"ನೀನಾ?" ಮೇಲ್ವಿಚಾರಕ ಅವಳನ್ನು ನೋಡಿ, ಮೇಜನ್ನು ನೋಡಿ, ತಲೆ ಕೆರೆದುಕೊಂಡ. "ನೀನು ಆ ಮೇಜು ಬಿಟ್ಟು ಅಲ್ಲಾಡಿದ್ದನ್ನೇ ನಾನು ಕಂಡಿಲ್ಲ. ನೀನೂ ಮೇಜಿನ ಒಂದು ಕಾಲು ಅಂದ್ಕೊಂಡಿದ್ದೆ."

"ಬಸುರಿ ಇದ್ದೆ ಸಾರ್. ಈಗ ಹೆರಿಗೆ ಆಯ್ತು."

ಅವನಿಗೆ ಅರ್ಥವಾಗಲಿಲ್ಲ. ತನ್ನ ಕಿವಿಯದೇ ತಪ್ಪು ಎಂದುಕೊಂಡಿರಬೇಕು, ಮತ್ತೆ ಕೇಳಲಿಲ್ಲ. ಕುರ್ಚಿ ಕಟ್ಟು ಕಟ್ಟುವ ಹೆಂಗಸರಲ್ಲೊಬ್ಬಳಿಗೆ ಹೋಯಿತು. ಆ ವಾರದಲ್ಲೇ ಕಾಲ ಕೆಳಗೆ ಹಾಸೂ ಬಂತು. ಯಾವುದೋ ಹಳೆಯ ಗಾಡಿಯಿಂದ ಕಿತ್ತು ತಂದ ಕಪ್ಪು ರಬ್ಬರು, ಮೂಲೆಯಲ್ಲಿ ಹರಿದಿತ್ತು.

ಹಾಸು ಬಂದ ದಿನ ಊಟದ ಬಿಡುವು ಮುಗಿದ ಮೇಲೆ ಕಿರಿಸೊಸೆ ಅದರ ಮೇಲೆ ಹೋಗಿ ನಿಂತಳು. ಹಿರಿಸೊಸೆ ಸೆರಗು ಸಿಕ್ಕಿಸಿ ಎದುರಿಗೆ ಹೋದಳು. ಮೊದಲ ಚಾದರದ ಮೂಲೆಗಳು ಸೇರಲೇ ಇಲ್ಲ. ಎರಡನೆಯದರಲ್ಲಿ ಅವಳು ಬಾಗಿ ಮಡಿಕೆ ಹಿಡಿಯುವ ಬದಲು ತನ್ನ ಸೆರಗನ್ನೇ ಹಿಡಿದಳು. ಕಟ್ಟು ಕಟ್ಟುವವರು ಬಿದ್ದುಬಿದ್ದು ನಕ್ಕರು. ಮೇಜಿನ ಮೇಲೆ ಚಾದರಗಳ ಅಟ್ಟಿ ಕುಡುಕನ ಹಾಗೆ ಒಂದು ಕಡೆಗೆ ವಾಲಿತು.

ಇಷ್ಟು ವರ್ಷ ಕಿರಿಸೊಸೆಯ ಕಣ್ಣು ಇದ್ದದ್ದು ಕೈಯಲ್ಲಿನ ಮೂಲೆಗಳ ಮೇಲೆ ಮತ್ತು ನೆಲದ ಮೇಲೆ. ನಿಂತವಳಿಗೆ ನಡೆಯುವವಳು ಎದುರಿನಿಂದ ಬರುವುದು ಇಡೀ ಮೈಯಾಗಿ ಕಾಣುತ್ತದೆ ಎಂದು ಈಗ ತಿಳಿಯಿತು. ಬಿಳಿಯ ಚಾದರದ ಆಚೆ ಹಿರಿಸೊಸೆ ಬರುತ್ತಿದ್ದಳು. ಬೆವರಿದ ಹಣೆಗೆ ಕೂದಲು ಅಂಟಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಹೆಜ್ಜೆ ಲೆಕ್ಕ ಹಾಕುತ್ತಿದ್ದಳೇನೋ, ತುಟಿ ಅಲ್ಲಾಡುತ್ತಿತ್ತು. ಅತ್ತೆಯ ವಯಸ್ಸು ಅವಳ ಕತ್ತಿನಲ್ಲಿ ಆಗಲೇ ಶುರುವಾಗಿತ್ತು. ಜಗಳದ ದಿನಗಳಲ್ಲೂ ತಾನು ಹೀಗೆ ನಡೆದು ಬರುವುದನ್ನು ಇವಳು ಇಲ್ಲಿಂದ ದಿನವಿಡೀ ನೋಡುತ್ತಿದ್ದಳಲ್ಲ ಎನ್ನಿಸಿ, ಕಿರಿಸೊಸೆ ಚಾದರ ಮರೆತು ನೋಡುತ್ತ ನಿಂತಳು.

ಹಿರಿಸೊಸೆ ಏದುಸಿರು ಬಿಡುತ್ತಾ ಮುಂದೆ ಬಂದು, ಎರಡೂ ಮೂಲೆಗಳನ್ನು ಅವಳ ಎದೆಗೆ ಒತ್ತಿದಳು. ಅಷ್ಟು ಹತ್ತಿರದಿಂದ, ರೋಲರಿನ ಗದ್ದಲದಲ್ಲೂ, ಮಾತು ಸ್ಪಷ್ಟವಾಗಿ ಕೇಳಿಸಿತು.

"ನನ್ನ ಮುಖದಲ್ಲಿ ಸಿನಿಮಾ ಓಡ್ತಿದೆಯಾ? ಹಿಡ್ಕೊಳ್ಳೇ, ಕೈ ಸುಡ್ತಿದೆ!"